ಎಕ್ಕೆ ಬೆಳೆದ ಗೋಡೆ

ಜಯಮಾಲಾಳಿಗೆ ತಡವರಿಸದೆ ಬರುತ್ತಿದ್ದ ಕನ್ನಡವೆಂದರೆ ಬೈಗುಳ ಮಾತ್ರ. ಉಳಿದ ಕನ್ನಡ ಕಿವಿಗೆ ತಿಳಿಯುತ್ತಿತ್ತು, ಮನೆಯವರ ಮುಂದೆ ಬಿಟ್ಟರೆ ನಾಲಿಗೆಗೆ ಏರುತ್ತಿರಲಿಲ್ಲ. ನಾಸಿಕ್ ರೋಡಿನ ಸಿನ್ನರ್ ಫಾಟಾದ ಹತ್ತಿರದ ಚಾಳಿನಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಹಿಂದಿಯಲ್ಲಿ ಜಗಳಾಡಿ ಬೆಳೆದ ಹುಡುಗಿ. ಅಪ್ಪ ಶರಣಬಸವ ಭಾಲ್ಕಿ ಕಡೆಯವನು. ದಿನಾ ಕಂಪನಿ ಬಸ್ಸು ಹತ್ತಿ ಸಿನ್ನರಿನ ಕಾರ್ಖಾನೆಗೆ ಹೋಗಿ, ಲೇಥ್ ಮಷಿನ್ನಿನ ಮುಂದೆ ನಿಂತು, ಕಬ್ಬಿಣದ ವಾಸನೆ ಹೊತ್ತು ಮನೆಗೆ ಬರುತ್ತಾನೆ. ತಾಯಿ ಇಲ್ಲ. ಸಾಕಿದವಳು ಅಪ್ಪನ ತಾಯಿ ಪಾರ್ವತಿಬಾಯಿ, ಮೊಮ್ಮಗಳ ಬಾಯಲ್ಲಿ ಆಯಿ. ಆ ಮುದುಕಿಯ ಬಾಯಿಗೆ ಇಡೀ ಚಾಳು ಹೆದರುತ್ತದೆ.

ನಳದಲ್ಲಿ ನೀರು ಬರುವ ಹೊತ್ತಿಗೆ ಯಾರಾದರೂ ಅವಳ ಕೊಡ ಹಿಂದೆ ಸರಿಸಿದರೆ ಮುಗಿಯಿತು. ಅವಳದು ಸುಮ್ಮನೆ ಕೂಗಾಡುವ ಬೈಗುಳವಲ್ಲ. ಅವಳ ಊರಿನ ಹಳೆಯ ಹೆಂಗಸರಿಗೆ ಅದಕ್ಕೊಂದು ರೀತಿಯಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲ ತಟ್ಟಿ, ರಾಗ ಎಳೆದು, ಒಂದೊಂದು ಶಾಪಕ್ಕೂ ಒಂದೊಂದು ಗಿಡ ಕಟ್ಟಿ ಬೈಯುವುದು. ನಿನ್ನ ಅಂಗಳದಲ್ಲಿ ಎಕ್ಕೆ ಬೆಳೆಯಲಿ ಅಂದರೆ ನಿನ್ನ ಮನೆ ಪಾಳು ಬೀಳಲಿ ಎಂದೇ ಅರ್ಥ. ಮನುಷ್ಯರು ಓಡಾಡುವ ಅಂಗಳದಲ್ಲಿ ಎಕ್ಕೆ ಬೆಳೆಯುವುದಿಲ್ಲವಲ್ಲ. ಭಾಷೆ ತಿಳಿಯದ ಮರಾಠಿ ನೆರೆಯವರು ಕೂಡ ಆ ರಾಗ ಕೇಳಿದರೆ ಕೊಡ ಮುಂದಕ್ಕೆ ಇಟ್ಟುಬಿಡುತ್ತಿದ್ದರು.

ಇಂಥ ಮನೆಯ ಹುಡುಗಿ ಡಿಸೈನ್ ಓದಲು ಸಂಭಾಜಿನಗರಕ್ಕೆ ಹೋದಳು. ಅಜ್ಜಿಯ ಬಾಯಲ್ಲಿ ಅದು ಇವತ್ತಿಗೂ ಔರಂಗಾಬಾದೇ. ಚಿಕಲಠಾಣಾದ ಕಾರ್ಖಾನೆಗಳಾಚೆ, ವಿಮಾನ ಇಳಿಯುವ ಸದ್ದು ಪಾಠದ ನಡುವೆ ನುಗ್ಗುವ ಒಂದು ಖಾಸಗಿ ಕಾಲೇಜು. ಅಲ್ಲಿ ಜಯಮಾಲಾ ತನ್ನದೇ ಒಂದು ಕೆಲಸ ಹಿಡಿದಳು. ಅಜ್ಜಿಯ ಬಾಯಿಂದ ಒಂದು ಮಾತು ಹೇಳಿಸಿ ಫೋನಿನಲ್ಲಿ ಹಿಡಿದುಕೊಳ್ಳುವುದು. ಆಮೇಲೆ ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಅದು ಹೇಗೆ ಎಲೆ ಬಿಡುತ್ತದೆ, ಎಲ್ಲಿ ಕವಲೊಡೆಯುತ್ತದೆ, ಯಾವ ಕಡೆ ತಿರುಗುತ್ತದೆ ಎಂದು ನೋಡಿ ಆ ಕ್ರಮವನ್ನು ಕಂಪ್ಯೂಟರಿಗೆ ಕಲಿಸುವುದು. ಅದಾದ ಮೇಲೆ ಮಾತನ್ನು ಕಂಪ್ಯೂಟರಿನೊಳಗಿನ ಆ ಗಿಡದ ಬೇರಿಗೆ ನೀರಿನಂತೆ ಉಣಿಸುವುದು. ದನಿ ಏರಿದಲ್ಲಿ ಕೊಂಬೆ ಚಾಚುತ್ತದೆ, ಇಳಿದಲ್ಲಿ ಬಾಗುತ್ತದೆ, ಉಸಿರು ಕಟ್ಟಿದಲ್ಲಿ ಗಣ್ಣು ಮೂಡುತ್ತದೆ. ಪರದೆಯ ಮೇಲೆ ಬೆಳೆಯುತ್ತಿದ್ದುದು ಗಿಡವೂ ಅಲ್ಲ, ಅಕ್ಷರವೂ ಅಲ್ಲ. ಆದರೆ ನೋಡಿದವರು ಕಣ್ಣು ತೆಗೆಯುತ್ತಿರಲಿಲ್ಲ.

ಮೊದಮೊದಲು ಅವಳು ಹಿಡಿದದ್ದು ಅಡುಗೆಮನೆಯ ಮಾತುಗಳನ್ನು. ಜೋಳ, ತೊಗರಿ, ಪುಂಡಿಪಲ್ಯ. ಅಜ್ಜಿ ಜೋಳ ಅನ್ನುವಾಗ ಅವಳ ದನಿಯಲ್ಲಿ ಬರುವ ತೂಕಕ್ಕೆ ಪರದೆಯ ತೆನೆ ತಲೆಬಾಗುತ್ತಿತ್ತು. ಅದೇ ಅವಳ ಕೊನೆಯ ವರ್ಷದ ಕೆಲಸ. ಅದರ ಮೇಲೇ ಪದವಿ.

ಇದನ್ನೆಲ್ಲ ಅವಳು ಬಿಚ್ಚಿ ಹೇಳಿದ್ದು ರಾಕೇಶನ ಹತ್ತಿರ ಮಾತ್ರ.

ರಾಕೇಶ ಅವಳದೇ ಕ್ಲಾಸಿನವನು. ಅಪ್ಪ ರತ್ನಾಕರ ಉಡುಪಿ ಕಡೆಯಿಂದ ಬಂದು ನಾಸಿಕದಲ್ಲಿ ಶಾಕಾಹಾರಿ ಹೋಟೆಲು ನಡೆಸುವವರು. ಒಂದಾದ ಮೇಲೊಂದು ಹೋಟೆಲು ತೆರೆದು ಬೆಳೆದವರು. ಮಗ ರಜೆಗೆ ಕಾರಿನಲ್ಲಿ ಊರಿಗೆ ಹೋಗುವಾಗ ಜಯಮಾಲಾಳನ್ನೂ ಕೂರಿಸಿಕೊಳ್ಳುತ್ತಿದ್ದ. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳ ಎದುರು ನಿಲ್ಲಿಸಿ ಚಹಾ ಕುಡಿಸುತ್ತಿದ್ದ. ಅವನ ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಅವನಿಗೂ ಅರೆಬರೆ. ಅವಳು ಗಿಡ, ದನಿ, ಕಂಪ್ಯೂಟರಿನ ಕೋಡು ಎಂದು ಒಂದೇ ಸಮ ಹೇಳುತ್ತಿದ್ದರೆ ಅವನು ಸ್ಟೀರಿಂಗ್ ಮೇಲೆ ತಾಳ ಹಾಕುತ್ತ, "ಸಾಲಿಡ್ ಉಂಟು ಮಾರಾಯ್ತಿ," ಅನ್ನುತ್ತಿದ್ದ. ಸಾಲಿಡ್ ಅಂದವನು ಸುಮ್ಮನಿರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಇಂಥ ಭಾರದ ಕೆಲಸ ಎಳೆಯುವ ಕಂಪ್ಯೂಟರು ಒಂದೇ ಇತ್ತು. ಎಲ್ಲರೂ ಅದರಲ್ಲೇ ತಮ್ಮ ತಮ್ಮ ಫೈಲು ಹಾಕಿ ಚಹಾಕ್ಕೆ ಹೋಗುವುದು. ಎಲ್ಲರಿಗೂ ಒಂದೇ ಲಾಗಿನ್ನು, ಒಂದೇ ಪಾಸ್‌ವರ್ಡು. ಯಾರದು ಯಾವುದು ಎಂಬುದಕ್ಕೆ ನಂಬಿಕೆ ಬಿಟ್ಟರೆ ಬೇರೆ ಬೀಗ ಇರಲಿಲ್ಲ.

ನಡು ವರ್ಷದ ಪರೀಕ್ಷೆಯಲ್ಲಿ ರಾಕೇಶನ ಸರದಿ ಅವಳಿಗಿಂತ ಮೊದಲು ಬಂತು. ಅವನು ಪರದೆ ಹಚ್ಚಿದ. ಜೋಳದ ತೆನೆ ತಲೆಬಾಗಿತು. ಬಣ್ಣ ಮಾತ್ರ ನೀಲಿ. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಚಪ್ಪಾಳೆ ಹೊಡೆದರು. ಜಯಮಾಲಾ ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು. ಅವಳ ಸರದಿ ಬಂದಾಗ ವಿಭಾಗದ ಮುಖ್ಯಸ್ಥೆ ವಿದ್ಯಾವತಿ ಮೇಡಂ ಮೊದಲ ತೆನೆ ನೋಡಿಯೇ ಕೈ ಎತ್ತಿ ನಿಲ್ಲಿಸಿದರು.

"ಹೇ ಕಾಯ್ ಆಹೇ? ಏನಿದು, ಈಗಷ್ಟೇ ಇದನ್ನೇ ನೋಡಿದೆವಲ್ಲ?"

"ಮೇಡಂ, ಇದು ನನ್ನದು. ದನಿ ನನ್ನ ಅಜ್ಜಿಯದು."

"ಪುರಾವಾ ಆಹೇ ಕಾ?"

ಪುರಾವೆ ಕೇಳಿದ್ದಕ್ಕೆ ರಾಕೇಶ ತಾನೇ ಮುಂದೆ ಬಂದು ತನ್ನ ವರದಿಯ ಕೊನೆಯ ಪುಟ ತೋರಿಸಿದ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ದನಿ ಸಂಗ್ರಹಿಸಲು ನೆರವಾದ ಜಯಮಾಲಾ ಮತ್ತು ಅವಳ ಅಜ್ಜಿಗೆ ಧನ್ಯವಾದ. ದನಿ ಅಜ್ಜಿಯದೆಂದು ಅವನೇ ಒಪ್ಪಿದ ಮೇಲೆ ಅವಳ ಫೋನಿನಲ್ಲಿದ್ದ ದನಿಗೆ ಪುರಾವೆಯ ಬೆಲೆ ಉಳಿಯಲಿಲ್ಲ.

ಕದ್ದದ್ದಕ್ಕಿಂತ ಆ ಧನ್ಯವಾದ ಅವಳನ್ನು ಸುಟ್ಟಿತು. ಕದ್ದವನು ಓಡಿಹೋದರೆ ಬೆನ್ನಟ್ಟಬಹುದು. ಇವನು ಎದುರಿಗೇ ನಿಂತು ಕೈ ಮುಗಿದಿದ್ದ. ಮೇಡಂ ತೀರ್ಪು ಕೊಟ್ಟರು: ಕೊನೆಯ ಪರೀಕ್ಷೆಗೆ ಬೇರೆ ಕೆಲಸ ತರಬೇಕು, ಇಲ್ಲದಿದ್ದರೆ ವರ್ಷ ಹೋಯಿತು. ತಂದರೂ ಅವಳ ಹೆಸರಿನ ಮುಂದೆ ನಕಲು ಎಂಬ ಮಾತು ಇದ್ದೇ ಇರುತ್ತದೆ. ಅದನ್ನು ಅಳಿಸಬೇಕಾದರೆ ಒಂದೇ ದಾರಿ. ರಾಕೇಶ ತನ್ನ ಬಾಯಿಂದಲೇ ಇದು ಅವಳದು ಎನ್ನಬೇಕು. ಆ ಬಾಯಿ ತಾನಾಗಿ ತೆರೆಯುವಂಥದ್ದಲ್ಲ.

ಹಾಸ್ಟೆಲಿನ ಗೆಳತಿ ಪೂಜಿತಾ, ಪ್ರಿನ್ಸಿಪಾಲರಿಗೆ ದೂರು ಕೊಡು ಎಂದಳು. ಜಯಮಾಲಾ ಕೊಡಲಿಲ್ಲ. ದೂರು ಕೊಟ್ಟರೆ ಸಮಿತಿ ಕೂರುತ್ತದೆ, ಸಮಿತಿ ಚಹಾ ಕುಡಿಯುತ್ತದೆ, ಕೊನೆಗೆ ಇಬ್ಬರಿಗೂ ಬುದ್ಧಿ ಹೇಳಿ ಕಳಿಸುತ್ತದೆ. ಅವಳಿಗೆ ಬೇಕಾಗಿದ್ದುದು ನ್ಯಾಯವಲ್ಲ. ನಾಲ್ಕು ಜನರ ಮುಂದೆ ಅವನ ಮುಖ ನೆಲಕ್ಕೆ ಹತ್ತಬೇಕು. ಅಷ್ಟೇ.

ಆ ವಾರ ಅವಳು ಊರಿಗೆ ಬಸ್ಸಿನಲ್ಲಿ ಹೋದಳು. ಅಜ್ಜಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಜಯಮಾಲಾ ಫೋನು ಅವಳ ಮುಂದೆ ಇಟ್ಟಳು.

"ಆಯಿ, ಬೈಯ್."

"ಯಾರಿಗಿ?"

"ಕಳ್ಳಗ."

"ಏನ್ ಕದ್ದಾನ?"

"ನನ್ನ ಜ್ವಾಳ."

ಮುದುಕಿ ಬೆಳ್ಳುಳ್ಳಿ ಕೆಳಗಿಟ್ಟಳು. "ಎಷ್ಟು ಚೀಲಾ?"

"ಸಗಳಾನೇ ಒಯ್ದಾನ. ಒಂದ್ ಕಾಳೂ ಬಿಟ್ಟಿಲ್ಲ."

"ಹಾಟ್ಯಾನ ಮುಖಾ ನೋಡಿಯೇನು?"

"ಒಂದೇ ಕಾರ್‌ನ್ಯಾಗ ಕೂತು ಚಹಾ ಕುಡ್ದೀನಿ."

"ಹಂಗಾದ್ರ ನಿಂದೂ ತಪ್ಪದ. ಇರ್ಲಿ, ಸರಿ ಅತ್ಲಾಗ." ಪಾರ್ವತಿಬಾಯಿ ಸೆರಗು ಸಿಕ್ಕಿಸಿದಳು, ನೆಲ ತಟ್ಟಿದಳು, ಗಂಟಲು ಕೆರೆದು ರಾಗ ಎತ್ತಿದಳು. "ಕದ್ದ ತಿಂದವನ ಹೊಟ್ಟ್ಯಾಗ ನೆಗ್ಗಿನಮುಳ್ಳ ಹುಟ್ಲೀ! ಅವನ ಅಂಗಳದಾಗ ಎಕ್ಕಿ ಬೆಳೀಲೀ! ಹೊತ್ತೋ ಒಲಿ ಆರಿ, ಆರಿದ ಒಲ್ಯಾಗ ಡಬ್ಬಗಳ್ಳಿ ಹೂ ಬಿಡ್ಲೀ! ತುತ್ತು ಎತ್ತಿದ್ರ ತುತ್ತು ಬೂದಿ ಆಗ್ಲೀ, ಭಾಡ್ಯಾನ ನಾಲಿಗಿಗಿ ಹುಣ್ಣ ಹತ್ಲೀ!"

ಪಕ್ಕದ ಮನೆಯ ತುಕಾರಾಮ ಹೊರಗೆ ಇಣುಕಿ, ತನ್ನ ಕೊಡ ಎಲ್ಲಿದೆ ಎಂದು ನೋಡಿಕೊಂಡು ಒಳಗೆ ಹೋದ.

ಸಂಭಾಜಿನಗರಕ್ಕೆ ಮರಳಿದ ಜಯಮಾಲಾ ಕಾಲೇಜಿನ ಹಿಂದಿನ ಖಾಲಿ ನಿವೇಶನಗಳಲ್ಲಿ ಅಲೆದಳು. ಕಾರ್ಖಾನೆಯ ಗೋಡೆಗೆ ಆನಿಕೊಂಡು ಎಕ್ಕೆ ಬೆಳೆದಿತ್ತು. ಬೂದು ಎಲೆ, ಮುರಿದರೆ ಹಾಲು. ನೆಲಕ್ಕೆ ಅಂಟಿಕೊಂಡು ನೆಗ್ಗಿಲು ಹಬ್ಬಿತ್ತು. ಅವಳ ಚಪ್ಪಲಿಯ ಅಡಿಯೆಲ್ಲ ಮುಳ್ಳು. ಲಾರಿ ತಿರುಗುವ ಜಾಗದಲ್ಲಿ ಡಬ್ಬುಗಳ್ಳಿ ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ನಿಂತಿತ್ತು. ಯಾರೂ ನೆಡದ, ಯಾರೂ ನೀರು ಹಾಕದ, ಯಾರು ಕಿತ್ತರೂ ಸಾಯದ ಗಿಡಗಳು. ಸಿಟ್ಟಿನಲ್ಲಿ ಮಾಡಿದ ಕೆಲಸ ಕೆಡುತ್ತದೆ ಎಂದು ಪಾಠ ಹೇಳುವವರು ಹೇಳುತ್ತಾರೆ. ಇವಳದು ಕೆಡಲಿಲ್ಲ. ಹಿಂದೆ ಮಾಡಿದ ಜೋಳದ ತೆನೆಯೆಲ್ಲ ಇದರ ಮುಂದೆ ಶಾಲೆಯ ಗೋಡೆಯ ಚಿತ್ರದ ಹಾಗೆ ಸಪ್ಪೆ. ಅಜ್ಜಿಯ ರಾಗ ಎಳೆದಲ್ಲಿ ಎಕ್ಕೆಯ ಕಾಂಡ ಚಾಚಿ, ನೆಲ ತಟ್ಟಿದಲ್ಲಿ ಮೊಗ್ಗು ಟಪ್ಪನೆ ಒಡೆದು, ನೇರಳೆ ಹೂವು ಐದು ಮೂಲೆಗೆ ತೆರೆದುಕೊಳ್ಳುತ್ತಿತ್ತು. ನೋಡಲು ಎಷ್ಟು ಚೆಂದವೆಂದರೆ ಅವಳಿಗೇ ಹೊಟ್ಟೆ ಉರಿಯಿತು, ಇದನ್ನೂ ಅವನಿಗೆ ಕದಿಯಲು ಕೊಡಬೇಕಲ್ಲ ಎಂದು.

ಕೊಡುವುದಕ್ಕೆ ಮೊದಲು ಒಂದು ಸಂಗತಿ ಸೇರಿಸಿದಳು. ಈ ಗಿಡಗಳು ಗೋಡೆಯ ಮೇಲೆ ಬಿದ್ದಾಗ ಜನ ಕೈಯಿಂದ ಮುಟ್ಟಬಹುದು. ಮುಟ್ಟಿದಂತೆ ಬೆಳೆಯುತ್ತವೆ, ದನಿ ಹೊರಡುತ್ತದೆ. ಒಂದು ಕೈ ಮುಟ್ಟಿದರೆ ದನಿ ರಬ್ಬರಿನಂತೆ ಎಳೆದು ಎಳೆದು ಗುಂಯ್ ಎನ್ನುವ ನಾದವಷ್ಟೇ. ತಂಬೂರಿಯೋ ತುಂಬಿಯೋ ತಿಳಿಯದು. ಎರಡು ಮೂರು ಕೈ ಸೇರಿದರೆ ರಾಗ. ತುಂಬ ಕೈ ಒಟ್ಟಿಗೆ ಬಿದ್ದರೆ ಮಾತ್ರ ದನಿ ತನ್ನ ನಿಜವಾದ ಓಟಕ್ಕೆ ಬಂದು ಮಾತು ಬಿಚ್ಚಿಕೊಳ್ಳುತ್ತದೆ. ಒಬ್ಬನೇ ಕೂತು ಪರೀಕ್ಷೆ ಮಾಡುವವನಿಗೆ ಅದು ಎಂದೂ ಬಿಚ್ಚಿಕೊಳ್ಳುವುದಿಲ್ಲ.

ಇಷ್ಟನ್ನು ಕಟ್ಟಿ, ಅಜ್ಜಿಯ ಬೀಸುವ ಹಾಡು ಎಂದು ಹೆಸರಿಟ್ಟು, ಅದೇ ಲ್ಯಾಬಿನ ಅದೇ ಕಂಪ್ಯೂಟರಿನಲ್ಲಿ ಬಿಟ್ಟಳು. ರಾಕೇಶನ ಜೊತೆ ಮಾತೂ ಶುರು ಮಾಡಿದಳು. ಅವನಿಗೆ ಹಾಯೆನಿಸಿತು. ಕದ್ದವರಿಗೆ ಕದಿಸಿಕೊಂಡವರ ನಗು ಕಂಡರೆ ತಾನು ಮಾಡಿದ್ದು ಕಳ್ಳತನವೇ ಅಲ್ಲವೇನೋ ಅನ್ನಿಸಿಬಿಡುತ್ತದೆ.

"ಸಿಟ್ಟು ಹೋಯ್ತಾ ಮಾರಾಯ್ತಿ?"

"ಛೋಡ್ ನಾ," ಎಂದವಳು ತಡವರಿಸುತ್ತ ಕನ್ನಡಕ್ಕೆ ತಿರುಗಿದಳು. "ಹೊಸಾದು ಮಾಡ್ಲತ್ತೀನಿ. ಆಯಿ ಜ್ವಾಳ ಬೀಸೂವಾಗ ಹಾಡ್ತಿದ್ಳಲ್ಲಾ, ಅದು. ಗ್ವಾಡಿಗಿ ಹಾಕೂದು. ಜನಾ ಮುಟ್ಟಿದ್ರ ಬೆಳೀತದ."

"ಗೋಡೆಗೆ?" ಲ್ಯಾಬಿನ ಮೇಜಿನ ಮೇಲೆ ರಾಕೇಶ ಹಾಕುತ್ತಿದ್ದ ತಾಳ ನಿಂತಿತು. ನಾಸಿಕದ ಗಂಗಾಪುರ ರಸ್ತೆಯಲ್ಲಿ ಅವನ ಅಪ್ಪನ ಹೊಸ ಹೋಟೆಲು ತೆರೆಯುವುದರಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ದೊಡ್ಡ ಗೋಡೆಗೆ ಏನಾದರೂ ಮಾಡಿಕೊಡು, ಇಷ್ಟು ಓದಿಸಿದ್ದು ಯಾತಕ್ಕೆ, ಎಂದು ಅಪ್ಪ ದಿನಾ ಫೋನು ಮಾಡುತ್ತಿದ್ದರು.

ಜಯಮಾಲಾ ಚಹಾಕ್ಕೆ ಹೋದಳು. ನಿಧಾನವಾಗಿ ಕುಡಿದಳು. ಮರಳಿ ಬರುವಾಗ ಬಾಗಿಲ ಗಾಜಿನಿಂದ ನೋಡಿದರೆ ಕಂಪ್ಯೂಟರಿನ ಮಗ್ಗುಲಲ್ಲಿ ಅವನ ಪೆನ್‌ಡ್ರೈವಿನ ದೀಪ ಮಿಣುಕುತ್ತಿತ್ತು. ಅವಳು ಒಳಗೆ ಹೋಗಲಿಲ್ಲ. ಇನ್ನೊಂದು ಚಹಾ ಕುಡಿದು ಬಂದಳು.

ಹೋಟೆಲಿನ ಆರಂಭಕ್ಕೆ ನಾಸಿಕದ ಕನ್ನಡಿಗರಿಗೆಲ್ಲ ಕರೆ ಹೋಗಿತ್ತು. ಬೀದರ, ಕಲಬುರಗಿ ಕಡೆಯ ವ್ಯಾಪಾರಿಗಳು, ಕರಾವಳಿಯ ಹೋಟೆಲಿನವರು, ಅವರ ಮರಾಠಿ ನೆರೆಹೊರೆ. ಬೆಳಿಗ್ಗೆ ಗಣಹೋಮ ಮುಗಿದಿತ್ತು, ಸಂಜೆ ಊಟ. ಶರಣಬಸವನಿಗೆ ಎರಡನೇ ಪಾಳಿ, ಬರಲಾಗಲಿಲ್ಲ. ಪಾರ್ವತಿಬಾಯಿ ಒಳ್ಳೆಯ ಸೀರೆ ಉಟ್ಟು ಮೊಮ್ಮಗಳ ಜೊತೆ ರಿಕ್ಷಾ ಇಳಿದಳು. ಊಟಕ್ಕೆ ಹೋಗೋಣ ಎಂದಷ್ಟೇ ಜಯಮಾಲಾ ಹೇಳಿದ್ದಳು.

ರಾಕೇಶ ಕೋಟು ಹಾಕಿದ್ದ. ಮೈಕು ಹಿಡಿದು ಹಿಂದಿಯಲ್ಲಿ, ಮಧ್ಯೆ ಮಧ್ಯೆ ಕನ್ನಡ ಬೆರೆಸಿ ಹೇಳಿದ: ಇದು ನಮ್ಮ ಕರ್ನಾಟಕದ ಹೆಂಗಸರು ತಲೆತಲಾಂತರದಿಂದ ಬೀಸುತ್ತ ಹಾಡಿದ ಹಾಡು, ಹಾಡಿನಿಂದ ಹುಟ್ಟಿದ ಗಿಡ, ನನ್ನ ಎರಡು ವರ್ಷದ ತಪಸ್ಸು, ದಯವಿಟ್ಟು ಮುಟ್ಟಿ. ತಾಯಿ ಗುಣವತಿ ಮುಂದಿನ ಸಾಲಿನಲ್ಲಿ ಕಣ್ಣು ಒರೆಸಿಕೊಂಡರು. ಗುಂಪಿನ ಹಿಂದೆ ನಿಂತಿದ್ದ ಜಯಮಾಲಾಳನ್ನು ಕಂಡಾಗ ಅವನ ಮಾತು ಒಂದು ಗಳಿಗೆ ತಡವರಿಸಿತು. ಅವಳು ನಕ್ಕಳು. ಅವನೂ ನಕ್ಕ.

ರತ್ನಾಕರ ಮೊದಲು ಕೈ ಇಟ್ಟರು. ಗುಂಯ್ ಎಂದಿತು. ಬೂದು ಬಣ್ಣದ ಕಾಂಡ ಗೋಡೆ ಹತ್ತಿತು. ಜನ ಓಹೋ ಎಂದರು. ಹೆಂಗಸರು ಬಂದರು, ಮಕ್ಕಳು ನುಗ್ಗಿದವು, ಒಂದೊಂದು ಮಗುವೂ ಎರಡೆರಡು ಕೈ ಬಡಿಯಿತು. ಎಕ್ಕೆ ಎದ್ದಿತು, ನೆಗ್ಗಿಲು ನೆಲದಂಚಿಗೆ ಹರಡಿತು, ಡಬ್ಬುಗಳ್ಳಿ ಚಾವಣಿಯವರೆಗೆ ಹೆಗಲು ಹತ್ತಿತು. ನಾದ ರಾಗವಾಯಿತು. ರಾಗದ ಸಿಕ್ಕು ಬಿಚ್ಚಿತು. ಇಡೀ ಹೋಟೆಲು ತುಂಬ ಪಾರ್ವತಿಬಾಯಿಯ ದನಿ ಮೊಳಗಿತು.

"ಕದ್ದ ತಿಂದವನ ಹೊಟ್ಟ್ಯಾಗ ನೆಗ್ಗಿನಮುಳ್ಳ ಹುಟ್ಲೀ!"

ಬಾದಾಮಿ ಹಾಲಿನ ಲೋಟ ಬಾಯಿಗೆ ಎತ್ತಿದ್ದ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪನವರ ಕೈ ಅಲ್ಲೇ ನಿಂತಿತು. ಕಲಬುರಗಿಯವರು, ಅವರಿಗೆ ಈ ರಾಗ ಹುಟ್ಟಾ ಪರಿಚಯ.

"ಹೊತ್ತೋ ಒಲಿ ಆರಿ, ಆರಿದ ಒಲ್ಯಾಗ ಡಬ್ಬಗಳ್ಳಿ ಹೂ ಬಿಡ್ಲೀ!"

"ಏ ತಮ್ಮಾ," ವಿಶ್ವನಾಥಪ್ಪ ಗಟ್ಟಿಯಾಗಿಯೇ ಅಂದರು, "ಇದು ಬೀಸೂ ಹಾಡಲ್ಲೋ ಮಾರಾಯಾ. ಯಾವಾಕಿಯೋ ಮುದುಕಿ ನಿಮ್ಮ ಹೋಟ್ಲಿಗಿ ಶಾಪಾ ಹಾಕ್ಲತ್ತಾಳ. ನಿಮ್ಮ ಒಲಿ ಆರ್ಲಿ ಅಂತಾಳ, ಪಹಿಲೇ ದಿನಾನೇ!"

ಒಬ್ಬ ನಕ್ಕ. ಮರಾಠಿಯವರು ಏನಂತೆ, ಏನಂತೆ ಎಂದರು. ಶಾಪ ಮರಾಠಿಗೆ ತಿರುಗಿ ಬಾಯಿಂದ ಬಾಯಿಗೆ ದಾಟಿತು, ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂತು. ರಾಕೇಶ ಮಕ್ಕಳ ಕೈ ಎಳೆಯಲು ಹೋದ. ಅವನು ಒಂದು ಕೈ ಕಿತ್ತರೆ ನಾಲ್ಕು ಕೈ ಬಿದ್ದವು. ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯದು, ಅವನು ಕಟ್ಟಿದ್ದಲ್ಲವಲ್ಲ.

"ಎಂತದಾ ಇದು?" ರತ್ನಾಕರ ಗುಡುಗಿದರು. "ಯಾರದ್ದಾ ಈ ಸ್ವರ?"

"ಪಪ್ಪಾ, ಅದು... ಆರ್ಕೈವ್‌ನಿಂದ ತಗೊಂಡದ್ದು. ಫೋಕ್ ಸಾಂಗ್."

"ಯಾವ ಫೋಕ್ ಲೇ?" ಗುಂಪು ಸೀಳಿಕೊಂಡು ಪಾರ್ವತಿಬಾಯಿ ಮುಂದೆ ಬಂದಳು. ಗೋಡೆ ನೋಡಿದಳು, ಹುಡುಗನನ್ನು ನೋಡಿದಳು. "ಅದು ನನ್ನ ದನಿ. ಜಯಾ, ನಿನ್ನ ಜ್ವಾಳ ಕದ್ದಾಂವ ಇಂವೇನು?"

"ಇಂವೇ, ಆಯಿ."

ಮುದುಕಿ ಬೇರೇನೂ ಕೇಳಲಿಲ್ಲ. ಸೆರಗು ಸಿಕ್ಕಿಸಿದಳು, ಹೊಸ ಗ್ರಾನೈಟಿನ ನೆಲ ತಟ್ಟಿದಳು, ಗೋಡೆಯ ಜೊತೆ ದನಿ ಕೂಡಿಸಿ ಮೊದಲಿನಿಂದ ಕೊನೆಯವರೆಗೆ ಬೈದಳು. ಉಸಿರು ತೆಗೆದುಕೊಳ್ಳುವ ಜಾಗ ಕೂಡ ಒಂದೇ. ಇನ್ನು ಆರ್ಕೈವು ಎನ್ನಲು ಯಾವ ಬಾಯಿ? ರಾಕೇಶ ಜಯಮಾಲಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ನಿಲ್ಲಿಸು, ಹೇಳಿದ್ದನ್ನು ಮಾಡುತ್ತೇನೆ ಎಂದು ಹಿಂದಿಗೆ ತಿರುಗಿದ.

"ಪ್ಲೀಸ್ ಯಾರ್. ಬಂದ್ ಕರ್. ಜೋ ಬೋಲೇಗೀ ವೋ ಕರೂಂಗಾ."

"ಮೇಡಂಗ ಫೋನ್ ಹಚ್ಚು. ಸ್ಪೀಕರ್ ಮ್ಯಾಲ."

"ಇಲ್ಲಿ? ಎಲ್ಲರ ಎದುರು?"

"ಧನ್ಯವಾದ ಎಲ್ಲಾರ ಎದುರು ಹೇಳಿದ್ದಿ."

ಅವನು ಅಪ್ಪನ ಕಡೆ ನೋಡಿದ. ರತ್ನಾಕರ ಮುಖ ತಿರುಗಿಸಿದರು. ಫೋನು ಹಚ್ಚಿದ. ಜನ ತಾವಾಗಿ ಗೋಡೆಯಿಂದ ಕೈ ತೆಗೆದರು. ಇದು ಅದಕ್ಕಿಂತ ರುಚಿಯಾಗಿತ್ತು. ಜೋಳದ ತೆನೆ ಅವಳದು, ಈ ಗೋಡೆ ಅವಳದು, ನಾನು ಕಾಪಿ ಮಾಡಿದ್ದು ಎಂದು ರಾಕೇಶ ಹೇಳಿದ. ವಿದ್ಯಾವತಿ ಮೇಡಂ ಆ ಕಡೆಯಿಂದ ಮೂರು ಸಲ "ಕಾಯ್?" ಎಂದರು. ಮೂರು ಸಲವೂ ಅವನು ಮೊದಲಿನಿಂದ ಹೇಳಬೇಕಾಯಿತು. ಕೊನೆಗೆ ಮೇಡಂ, ಸೋಮವಾರ ಇಬ್ಬರೂ ಬನ್ನಿ, ಜಯಮಾಲಾಳ ಹೆಸರಿನ ಮುಂದಿನ ಮಾತು ತೆಗೆಸುತ್ತೇನೆ ಎಂದು ಫೋನಿಟ್ಟರು.

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಕ್ಕಳು ಮತ್ತೆ ಗೋಡೆಗೆ ಓಡಿದವು. ದೊಡ್ಡವರೂ ಹಿಂದೆಯೇ ಹೋದರು. ಬೈಸಿಕೊಳ್ಳಲು ಸಾಲು ನಿಂತಿತು. ಫೋನು ಎತ್ತಿ ಹಿಡಿದು, ಎಕ್ಕೆಯ ಮುಂದೆ ಮುಖ ಇಟ್ಟು, ಶಾಪ ಬಿದ್ದಾಗ ಕಿಸಕ್ಕನೆ ನಕ್ಕು ಚಿತ್ರ ತೆಗೆದುಕೊಂಡರು. ರತ್ನಾಕರ ಒಂದು ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. ಮೂವತ್ತು ವರ್ಷ ಹಣದ ಗಲ್ಲೆಯ ಮೇಲೆ ಕೂತ ಮನುಷ್ಯ. ಜನ ಯಾವುದಕ್ಕೆ ಮತ್ತೆ ಬರುತ್ತಾರೆಂಬುದು ಅವರಿಗೆ ತಿಳಿಯುತ್ತದೆ. ಮುಖದ ಮೇಲಿನ ಸಿಟ್ಟು ಇಳಿದು ಲೆಕ್ಕ ಹತ್ತಿತು.

"ನೋಡು ಮಗಾ," ಎಂದು ಜಯಮಾಲಾಳ ಹತ್ತಿರ ಬಂದರು. "ನನ್ನ ಮಗ ಮಾಡಿದ್ದು ತಪ್ಪೇ. ಬಿಡು. ಇದು ಇಲ್ಲೇ ಇರ್ಲಿ. ನಿನ್ನ ಹೆಸರು ದೊಡ್ಡದಾಗಿ ಬರೆಸುವಾ. ಅಜ್ಜಿಯದ್ದೂ ಒಂದು ಫೋಟೋ ಹಾಕುವಾ. ನಾಸಿಕದವರೆಲ್ಲ ನೋಡ್ಲಿಕ್ಕೆ ಬರ್ತಾರೆ."

ಅವಳು ಗೋಡೆ ನೋಡಿದಳು. ಎಕ್ಕೆ ಮೈತುಂಬ ಹೂ ಬಿಟ್ಟು ನಿಂತಿತ್ತು. ಇಷ್ಟು ಚೆಂದ ಅದು ಲ್ಯಾಬಿನಲ್ಲಿ ಎಂದೂ ಕಂಡಿರಲಿಲ್ಲ. ಅಂಗಳದಲ್ಲಿ ಬೆಳೆದು ಮನೆ ಹಾಳು ಮಾಡಬೇಕಾದ ಗಿಡ ಈ ಮನೆಯನ್ನು ಉದ್ಧಾರ ಮಾಡಲು ಹೊರಟಿತ್ತು. ನಾಳೆಯಿಂದ ಜನ ಇಡ್ಲಿ ತಿಂದು, ಕೈ ಒರೆಸಿ, ಎರಡು ಬೈಗುಳ ತಿಂದು ಹೋಗುತ್ತಾರೆ. ರಾಕೇಶ ಗಲ್ಲೆಯ ಮೇಲೆ ಕೂತಿರುತ್ತಾನೆ.

ರಾಕೇಶ ಕೂಡ ಇದನ್ನು ಗ್ರಹಿಸಿದ್ದ. ಕೋಟಿನ ತೋಳಿನಿಂದ ಬೆವರು ಒರೆಸಿ, "ನೋಡು, ಎಲ್ಲ ಸರಿ ಆಯ್ತಲ್ಲ? ಸಾರಿ ಮಾರಾಯ್ತಿ," ಎಂದು ಸಣ್ಣಗೆ ನಕ್ಕ.

ಆ ನಗು ಬರದಿದ್ದರೆ ಅವಳು ಬಿಟ್ಟು ಹೋಗುತ್ತಿದ್ದಳೇನೋ.

"ಮಷಿನ್ ಎಲ್ಲದ?" ಎಂದು ಕೇಳಿದಳು. ಹೆಸರು ಹಾಕಲಿಕ್ಕೆ ಇರಬೇಕೆಂದು ರತ್ನಾಕರ ತಾವೇ ಗಲ್ಲೆಯ ಕೆಳಗಿನ ಬಾಗಿಲು ತೆರೆದು ತೋರಿಸಿದರು. ಜಯಮಾಲಾ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಗಿಡ ನೋಡುವಾಗ ಕೂರುವ ಹಾಗೆಯೇ ಕೂತು, ಒಂದೊಂದನ್ನೇ ಅಳಿಸಿದಳು. ಮೊದಲು ನೆಗ್ಗಿಲು. ಆಮೇಲೆ ಡಬ್ಬುಗಳ್ಳಿ. ಜನ ಅರೆ ಅರೆ ಎಂದರು. ಎಕ್ಕೆ ಹೋಗುವಾಗ ಒಂದು ಮಗು ಅತ್ತಿತು. ರಾಕೇಶನ ಪೆನ್‌ಡ್ರೈವು ಕೇಳಿದಳು, ಅವನು ಕೊಟ್ಟ, ಅದನ್ನೂ ಖಾಲಿ ಮಾಡಿದಳು. ದನಿ ನಿಂತಿತು. ಹೂವಿನ ಹಾರಗಳ ನಡುವೆ ದೊಡ್ಡ ಗೋಡೆ ಬರೀ ಬಿಳಿ ಬೆಳಕಾಗಿ ಉಳಿಯಿತು.

"ಎಂತ ಮಾಡಿದ್ಯಾ ನೀನು!" ರತ್ನಾಕರ ಹಣೆ ಬಡಿದುಕೊಂಡರು. "ನಿನಗೂ ಒಳ್ಳೇದಿತ್ತಲ್ಲ?"

"ನನಗ ಒಳ್ಳೇದು ಬೇಕಾಗಿಲ್ರಿ ಅಂಕಲ್."

ಬೈಗುಳವಲ್ಲದ ಒಂದು ಕನ್ನಡ ವಾಕ್ಯ ಅವಳು ಹೊರಗಿನ ಹಿರಿಯರೊಬ್ಬರಿಗೆ ತಡವರಿಸದೆ ಹೇಳಿದ್ದು ಅದೇ ಮೊದಲು.

ಗುಣವತಿ ಕೈ ಹಿಡಿದು, ಮಗನನ್ನು ಕ್ಷಮಿಸು, ಮಗು ಎಂದರು. ಇಲ್ರಿ ಎಂದಳು ಜಯಮಾಲಾ. ಹೊರಡೋಣ ಎಂದು ಅಜ್ಜಿಯನ್ನು ಹುಡುಕಿದರೆ ಪಾರ್ವತಿಬಾಯಿ ಆಗಲೇ ಪಂಕ್ತಿಯ ತುದಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದಳು. ಬಡಿಸುವವನು ಹೆದರಿ ಹೆದರಿ ಎರಡೆರಡು ಹೋಳಿಗೆ ಹಾಕುತ್ತಿದ್ದ.

"ನಡಿ ಆಯಿ. ಇವರ ಮನ್ಯಾಗ ಉಣಬಾರ್ದು."

"ಯಾಕ? ಬೈಯೂದು ಬೈದೀವಿ. ಇನ್ನ ಹಸ್ಕೊಂಡು ಹೋಗೂದೇನದ? ತುಪ್ಪಾ ತಾರಪ್ಪಾ ಇಲ್ಲಿ."

ಜಯಮಾಲಾ ಉಣ್ಣಲಿಲ್ಲ. ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು. ರಾಕೇಶ ಏಣಿ ತರಿಸಿ, ಕೋಟು ಬಿಚ್ಚಿ, ಗೋಡೆಗೆ ಇನ್ನೂ ಬೆಳಕು ಚೆಲ್ಲುತ್ತಿದ್ದ ಪ್ರೊಜೆಕ್ಟರು ಇಳಿಸುತ್ತಿದ್ದ. ಮೇಲೆ ಹತ್ತಿದಾಗ ಅವನ ನೆರಳು ಇಡೀ ಬಿಳಿ ಗೋಡೆಯ ತುಂಬ ಬಿತ್ತು. ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿ ಅದನ್ನೇ ನೋಡಿದರು. ಅವನಿಗೆ ಸ್ಕ್ರೂ ಸಿಗಲಿಲ್ಲ. ಇಳಿದ, ಹುಡುಕಿದ, ಮತ್ತೆ ಹತ್ತಿದ. ಅವಳು ಕಣ್ಣು ಆಚೀಚೆ ಮಾಡದೆ, ಅವನು ಕೊನೆಯ ತಂತಿ ಸುತ್ತುವವರೆಗೂ ನೋಡಿದಳು.